ಪಂಚಾಯಿತಿ ಜಾಗದ ಎರಡು ನರ್ಸರಿ

ಗಂಗಾಲಕ್ಷ್ಮಿ ಪಂಚಾಯಿತಿಯ ನೋಟಿಸನ್ನು ಎರಡು ಸಲ ಓದಿದಳು. ಆಮೇಲೆ ಅದನ್ನು ಮಡಿಸದೆ ಹಾಗೇ ಕೈಯಲ್ಲಿ ಹಿಡಿದು, ತಂತಿಬೇಲಿ ದಾಟಿ ಕದಿರೇಶನ ನರ್ಸರಿಗೆ ನುಗ್ಗಿದಳು.

ಅವನು ಕುಕ್ಕರಗಾಲಲ್ಲಿ ಕೂತು ಮೆಣಸಿನಕಾಯಿ ಸಸಿಗಳ ಟ್ರೇ ಜೋಡಿಸುತ್ತಿದ್ದ. ತಲೆಯೆತ್ತಿ ನಕ್ಕ.

"ಏನ್ರೀ, ಬೆಳಗ್ಗೇನೇ ನಮ್ ಕಡೆ? ನಮ್ ಸಸಿ ಚೆನ್ನಾಗಿದೆ ಅಂತ ಒಪ್ಕೊಳ್ಳೋಕಾ?"

"ನಗಬೇಡಿ. ನನ್ನ ಗಿರಾಕಿಗಳನ್ನ ಕಿತ್ಕೊಳ್ಳೋಕೆ ಆಗಲಿಲ್ಲ ಅಂತ ಜಾಗಾನೇ ಕಿತ್ಕೊಂಡ್ರಲ್ಲ."

ಅವನು ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡ. ಹದಿನೈದು ದಿನದೊಳಗೆ ಆಕೆ ಜಾಗ ಖಾಲಿ ಮಾಡಬೇಕು, ಅವಳ ಭಾಗವನ್ನು ಪಕ್ಕದ ಬಾಡಿಗೆದಾರ ಕದಿರೇಶನಿಗೇ ಕೊಡಲಾಗಿದೆ ಎಂದಿತ್ತು. ಕೆಳಗೆ ಅಧ್ಯಕ್ಷ ಮುನಿಯಲ್ಲಪ್ಪನವರ ಸಹಿ. ಮುನಿಯಲ್ಲಪ್ಪ ಕದಿರೇಶನ ಸ್ವಂತ ಸೋದರಮಾವ.

ಅವನ ಮುಖದ ನಗು ನಿಧಾನವಾಗಿ ಇಳಿಯಿತು. "ನನಗಿದು ಗೊತ್ತೇ ಇಲ್ಲ."

"ಮಾವನಿಗೆ ಗೊತ್ತು, ಅಳಿಯನಿಗೆ ಗೊತ್ತಿಲ್ಲ. ಸರಿ ಬಿಡಿ." ಅವಳು ಕಾಗದ ಕಿತ್ತುಕೊಂಡು ವಾಪಸ್ ನಡೆದಳು. ಕಣ್ಣಲ್ಲಿ ನೀರು ಬಂದದ್ದು ಅವನಿಗೆ ಕಾಣಬಾರದೆಂದು ಬಿರಬಿರನೆ ನಡೆದಳು.

ಕೋಲಾರದಿಂದ ಸುಗಟೂರಿಗೆ ಹೋಗುವ ರಸ್ತೆ ಬದಿಯಲ್ಲಿ ಚಿಂತಮಾಕಲಹಳ್ಳಿ ಪಂಚಾಯಿತಿಗೆ ಸೇರಿದ ಅರ್ಧ ಎಕರೆ ಜಾಗ ಅದು. ಅದರ ಒಂದು ಭಾಗದಲ್ಲಿ ಗಂಗಾಲಕ್ಷ್ಮಿ ಆರು ವರ್ಷದಿಂದ ಟೊಮೇಟೊ ಸಸಿ ಬೆಳೆಸಿ ಮಾರುತ್ತಿದ್ದಳು. ಮಾಲೂರಿನ ಬೀಜದ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದ ಕದಿರೇಶ ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಬಂದು ಇನ್ನೊಂದು ಭಾಗ ಹಿಡಿದ. ಅಂದಿನಿಂದ ಪೈಪೋಟಿ. ಅವಳು ಟ್ರೇಗೆ ಹತ್ತು ಸಸಿ ಜಾಸ್ತಿ ಕೊಟ್ಟರೆ, ಅವನು ಟೆಂಪೊದಲ್ಲಿ ಹೊಲದವರೆಗೂ ತಲುಪಿಸುತ್ತಿದ್ದ.

"ನಿಮ್ ಸಸಿ ಕಂಪನಿ ಮಕ್ಕಳು ಕಣ್ರೀ, ಬಿಸಿಲು ಕಂಡ್ರೆ ಅಳ್ತವೆ," ಎಂದು ಅವಳು ಬೇಲಿಯ ಆಚೆಯಿಂದ ಛೇಡಿಸುತ್ತಿದ್ದಳು.

"ನಿಮ್ಮವು ನಿಮ್ಮ ಥರಾನೇ, ಮುಟ್ಟಿದ್ರೆ ಮುಖ ಗಂಟು ಹಾಕ್ಕೊಳ್ತವೆ," ಎಂದು ಅವನು.

ತನಗಿಂತ ದೊಡ್ಡ ಗಂಡಸರನ್ನೆಲ್ಲ ಅವಳು ಅಣ್ಣ ಎಂದೇ ಕರೆಯುತ್ತಿದ್ದಳು. ಇವನನ್ನು ಮಾತ್ರ ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಅಮ್ಮ ಅಂಜಮ್ಮ ಅದನ್ನು ಗಮನಿಸಿದ್ದರು. ಕೇಳಿರಲಿಲ್ಲ.

ನೋಟಿಸ್ ಬಂದ ಮೂರನೇ ದಿನ ಅವಳ ಕಡೆಯ ನೀರು ನಿಂತಿತು. ಪಂಚಾಯಿತಿ ವಾಟರ್‌ಮನ್ ಗಂಗಾಧರ್ ವಾಲ್ವ್ ತಿರುಗಿಸಿ, ತಲೆ ತಗ್ಗಿಸಿಕೊಂಡು ನಿಂತ. "ನನ್ನ ಬೈಬೇಡಮ್ಮ. ಮೇಲಿನೋರು ಹೇಳಿದ್ದು."

ಏಪ್ರಿಲ್ ತಿಂಗಳು. ನೆರಳಿನ ನೆಟ್ ಕೆಳಗೆ ಇಪ್ಪತ್ತೆರಡು ದಿನದ ಎರಡು ಲಕ್ಷ ಸಸಿ, ಮುಂದಿನ ವಾರ ನಾಟಿಗೆ ಹೋಗಬೇಕಾದವು. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಜೋತುಬಿದ್ದವು. ಅವಳು ಎರಡು ಬಿಂದಿಗೆ ಹಿಡಿದು ರಸ್ತೆಯಾಚೆಯ ತೊಟ್ಟಿಗೆ ಓಡಾಡಿದಳು. ಹತ್ತನೇ ಸಲ ವಾಪಸ್ ಬಂದಾಗ, ಕದಿರೇಶ ತನ್ನ ಕಡೆಯಿಂದ ಉದ್ದನೆಯ ಪೈಪು ಎಳೆದುಕೊಂಡು ಬೇಲಿಯೊಳಗೆ ನುಸುಳುತ್ತಿದ್ದ.

"ನಿಮ್ಮ ನೀರು ನನಗೆ ಬೇಡ."

"ನೀವು ಕೇಳಲೇ ಇಲ್ವಲ್ಲ. ಸಸಿ ಕೇಳ್ತಿವೆ, ಅವಕ್ಕೆ ಕೊಡ್ತೀನಿ."

"ನಿಮ್ಮದೂ ನಿಲ್ಲಿಸ್ತಾರೆ."

"ನಿಲ್ಲಿಸ್ಲಿ."

ಅವನು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ನೀರನ್ನು ಮಂಜಿನಂತೆ ಹರಡಿ, ಒಂದು ಸಸಿಯೂ ಬಾಗದ ಹಾಗೆ ಹನಿಸಿದ. ಅವಳು ಸಿಟ್ಟಿನಲ್ಲೇ ನೋಡುತ್ತ ನಿಂತಿದ್ದಳು. ಆ ಹೆಬ್ಬೆರಳನ್ನು ನೋಡುತ್ತ ನೋಡುತ್ತ ಸಿಟ್ಟು ಎಲ್ಲಿಗೋ ಹೋಯಿತು.

"ಮಾವನ ಹತ್ರ ಹೋಗಿದ್ದೆ," ಅವನು ತಿರುಗದೆಯೇ ಹೇಳಿದ. "ಅಪ್ಪ ಇಲ್ಲದ ಹುಡುಗ, ನಿನಗೊಂದು ದಾರಿ ಮಾಡಿದೆ ಕಣೋ ಅಂದ್ರು. ನನಗೆ ಬೇಡ ಅಂದೆ. ಪಂಚಾಯಿತಿ ತೀರ್ಮಾನ, ಬೇಡ ಅನ್ನೋಕೆ ನೀನ್ಯಾರು ಅಂತ ಕೇಳಿದ್ರು."

ಅವಳು ಪೈಪಿನ ಮಡಿಕೆ ಬಿಡಿಸುತ್ತ ಅವನ ಹಿಂದೆ ನಡೆದಳು. ಕೊನೆಯ ಸಾಲಿಗೆ ಬಂದಾಗ ಹೇಳಿದಳು, "ಬೇಕಂತಾನೇ ನಿಧಾನ ಮಾಡ್ತಿದ್ದೀರ."

"ಹೌದು. ಮುಗಿದ್ರೆ ಆ ಕಡೆ ಹೋಗಬೇಕಲ್ಲ."

ಅವಳು ಬೇರೆ ಕಡೆ ಮುಖ ತಿರುಗಿಸಿದಳು. ಆದರೆ ತುಟಿಯಂಚಿನ ನಗೆಯನ್ನು ಅವನು ಆಗಲೇ ನೋಡಿಯಾಗಿತ್ತು.

ಆ ವಾರದ ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಗಂಗಾಲಕ್ಷ್ಮಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದಳು. "ಆರು ವರ್ಷದಲ್ಲಿ ನನ್ನ ಮೇಲೆ ಒಂದು ದೂರು ಬಂದಿಲ್ಲ. ನಾನು ಮಾಡಿದ ತಪ್ಪೇನು?"

ಮುನಿಯಲ್ಲಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡರು. "ತಪ್ಪು ಅಂತಲ್ಲಮ್ಮ. ಒಂದೇ ಜಾಗದಲ್ಲಿ ಇಬ್ಬರು ಯಾಕೆ ಕಿತ್ತಾಡ್ಬೇಕು? ಒಬ್ಬರೇ ದೊಡ್ಡದಾಗಿ ಮಾಡಿದ್ರೆ ಊರಿಗೂ ಹೆಸರು."

ಹಿಂದಿನಿಂದ ಕದಿರೇಶ ಎದ್ದ. "ಒಬ್ಬರೇ ಆದ್ರೆ ಚೆನ್ನಾಗಿ ಬೆಳೆಸೋ ದರ್ದು ಯಾರಿಗಿರುತ್ತೆ ಮಾವ? ಇವರ ಸಸಿ ನೋಡಿ ನೋಡಿನೇ ನಾನು ನಂದನ್ನ ಸುಧಾರಿಸ್ಕೊಂಡಿದ್ದು. ಇವರನ್ನ ಎಬ್ಬಿಸಿ ಕೊಡೋ ಜಾಗ ನನಗೆ ಬೇಡ. ಎಲ್ಲರ ಮುಂದೆ ಹರಾಜು ಹಾಕಿ. ನನ್ನ ಭಾಗಾನೂ ಸೇರಿಸಿ."

ಟೊಮೇಟೊ ಬೆಳೆಯುವ ಚಿಕ್ಕಗಂಗಮ್ಮ ಕೂತಲ್ಲಿಂದಲೇ ಹೇಳಿದಳು, "ಇಬ್ಬರೂ ಇರ್ಲಪ್ಪ. ಇವನ ಹತ್ರ ರೇಟು ಕೇಳಿ ಅವಳ ಹತ್ರ ಚೌಕಾಸಿ ಮಾಡೋದು ನಾನು." ಸಭೆ ನಕ್ಕಿತು. ಪಿಡಿಒ ಸೌಪರ್ಣಿಕಾ ಕಡತ ತಿರುವಿ, ಬಾಡಿಗೆದಾರರ ಮಾತು ಕೇಳದೆ ಮಾಡಿದ ತೀರ್ಮಾನ ನಿಲ್ಲುವುದಿಲ್ಲ, ಎರಡೂ ಭಾಗ ಹರಾಜಿಗೆ ಬರುತ್ತವೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಂದು ಸಂಜೆಯೇ ಗಂಗಾಧರ್ ಬಂದು ವಾಲ್ವ್ ತಿರುಗಿಸಿ ನೀರು ಬಿಟ್ಟ.

ಹರಾಜು ಮೇ ತಿಂಗಳಲ್ಲಿ ನಡೆಯಿತು. ಗಂಗಾಲಕ್ಷ್ಮಿಯ ಭಾಗ ಅವಳಿಗೇ ಉಳಿಯಿತು. ಕದಿರೇಶನ ಭಾಗಕ್ಕೆ ಮುಳಬಾಗಿಲಿನ ಪೈಪ್ ಅಂಗಡಿಯವನೊಬ್ಬ ಕೂಗುತ್ತಾ ಹೋದ. ಒಂದು ಹಂತದಲ್ಲಿ ಕದಿರೇಶ ಕೂಗುವುದನ್ನು ನಿಲ್ಲಿಸಿದ. ಅವನಿಂದ ಅಷ್ಟು ಆಗುವುದಿಲ್ಲವೆಂದು ಎಲ್ಲರಿಗೂ ತಿಳಿಯಿತು; ಜಾಗ ಅಂಗಡಿಯವನ ಪಾಲಾಯಿತು.

ಮುನಿಯಲ್ಲಪ್ಪ ಹೊರಗೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಏನ್ಲಾ, ಸುಮ್ನೆ ಇದ್ದಿದ್ರೆ ಎರಡೂ ನಿಂದೇ ಆಗ್ತಿತ್ತಲ್ಲೋ." ಬೈಗುಳದ ಮಾತಾದರೂ ಮುದುಕ ಆ ಕೈ ತೆಗೆಯಲಿಲ್ಲ.

ಮರುದಿನದಿಂದ ಕದಿರೇಶ ನೆರಳಿನ ನೆಟ್ ಬಿಚ್ಚತೊಡಗಿದ. ಗಂಗಾಲಕ್ಷ್ಮಿ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಗಿರಾಕಿಗಳು ಕೇಳಿದ್ದೊಂದು, ಅವಳು ಕೊಟ್ಟದ್ದೊಂದು. ಆ ರಾತ್ರಿ ಊಟಕ್ಕೆ ಕೂತಾಗ ಅಂಜಮ್ಮ ಮಗಳ ತಟ್ಟೆ ನೋಡಿ, "ಏಮ್ಮಾ, ಅನ್ನ ಕಲಸ್ತಾನೇ ಇರ್ತೀಯಾ, ಇಲ್ಲ ಬಾಯಿ ಬಿಟ್ಟು ಹೇಳ್ತೀಯಾ?" ಎಂದರು. ಅವಳು ಹೇಳಿದಳು.

ಮೂರನೇ ದಿನ ಬೆಳಗ್ಗೆ ಅವನು ಕೊನೆಯ ಕಂಬ ಅಲುಗಾಡಿಸುತ್ತಿದ್ದಾಗ ಅವಳು ಬಂದು ಎದುರಿಗೆ ನಿಂತಳು.

"ಮಾಲೂರಿಗೆ ಹೋಗ್ತೀರಂತೆ."

"ಹಳೇ ಕಂಪನಿಯೋರು ಕರೀತಿದ್ದಾರೆ. ಸೋಮವಾರ ಸೇರ್ಕೋಬೇಕು."

"ಕ್ಯಾಲನೂರಲ್ಲಿ ನಮ್ಮ ಮನೆ ಹಿಂದೆ ಅಮ್ಮನ ಹೆಸರಲ್ಲಿ ಒಂದು ಎಕರೆ ಇದೆ. ಹೋದ ತಿಂಗಳು ಬೋರಲ್ಲಿ ನೀರು ಬಿತ್ತು. ಅಲ್ಲಿ ಬೆಳೆಸಿ ಇಲ್ಲಿ ಮಾರಬಹುದು."

ಅವನು ಕಂಬ ಬಿಟ್ಟ. "ಗುತ್ತಿಗೆಗೆ ಕೊಡ್ತೀರಾ?"

"ಇಲ್ಲ."

"ಪಾರ್ಟ್ನರ್ ಆಗ್ಲಾ?"

"ಅದೂ ಅಲ್ಲ." ಅವಳ ಕಿವಿಯವರೆಗೂ ಕೆಂಪೇರಿತು. ಆದರೂ ನೋಟ ತಗ್ಗಿಸಲಿಲ್ಲ. "ನೀವು ನೆಟ್ ಬಿಚ್ಚೋದು ನೋಡಿ ಈ ಎರಡು ದಿನ ನನಗೆ ಕೆಲಸಾನೇ ಸಾಗಲಿಲ್ಲ. ಅಮ್ಮನಿಗೆ ಹೇಳಿದೆ. ಹುಡುಗನ ಕಡೆಯಿಂದ ಯಾರು ಬಂದು ಮಾತಾಡ್ತಾರೆ ಅಂತ ಕೇಳ್ತಿದ್ದಾರೆ."

ಕದಿರೇಶ ಕೈಯ ಮಣ್ಣು ಒರೆಸಿಕೊಂಡ. ಈ ಸಲ ತಮಾಷೆ ಮಾಡಲಿಲ್ಲ. "ಎರಡು ವರ್ಷದಿಂದ ಇದನ್ನ ಹೇಗೆ ಕೇಳೋದು ಅಂತ ನಾನೇ ಒದ್ದಾಡ್ತಿದ್ದೆ ಗಂಗಾ," ಎಂದ.

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳಿಗೆ ಅದನ್ನು ಇನ್ನೊಮ್ಮೆ ಕೇಳಬೇಕೆನಿಸಿತು.

"ಮಾತಾಡೋಕೆ ನನ್ನ ಕಡೆ ಮಾವನೇ ಹಿರೀಕರು," ಅವನು ಅಳುಕುತ್ತಲೇ ಹೇಳಿದ. "ಅವರನ್ನ ನಿಮ್ಮ ಮನೆಯೊಳಗೆ ಬಿಡ್ತೀಯಾ?"

"ಕೂರೋಕೆ ಚಾಪೆ ಹಾಕ್ತೀನಿ. ಕಾಫಿಗೆ ಸಕ್ಕರೆ ಮಾತ್ರ ಹಾಕಲ್ಲ."

ಅವನು ಜೋರಾಗಿ ನಕ್ಕು, ಅಲ್ಲೇ ಫೋನ್ ತೆಗೆದು, ಅವಳ ಮೇಲಿನ ಕಣ್ಣು ತೆಗೆಯದೆ ನಂಬರ್ ಒತ್ತಿದ. "ಮಾವ, ಭಾನುವಾರ ಕ್ಯಾಲನೂರಿಗೆ ಹೋಗಬೇಕು. ಅಂಜಮ್ಮನವರ ಮನೆಗೆ, ಹೆಣ್ಣು ಕೇಳೋಕೆ."

ಆ ಕಡೆಯಿಂದ ಮುನಿಯಲ್ಲಪ್ಪ ಒಮ್ಮೆ ಕೆಮ್ಮಿ, "ಆ ಹುಡುಗಿ ಪಕ್ಕದಲ್ಲೇ ಇದ್ರೆ ಫೋನ್ ಕೊಡು," ಎಂದದ್ದು ಇಬ್ಬರಿಗೂ ಕೇಳಿಸಿತು. "ಮೊದಲು ಅವಳ ಹತ್ರ ಒಂದು ಮಾತು ಆಡ್ಬೇಕು ನಾನು."

ಗಂಗಾಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು. "ಹೇಳಿ ಮಾವ," ಎಂದಳು.