ನೀಟಮ್ಮನ ಕತ್ತರಿ

“ಈ ತಳಿಯೂ ಕೈಕೊಡ್ತು ಕಣೇ,” ಎಂದಳು ಚಿಕ್ಕಮ್ಮ.

ತಾರಸಿಯ ಮೇಲಿನ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕುಂಡ ನೋಡುತ್ತಿದ್ದಳು. ಹತ್ತು ಮೆಕ್ಕೆಜೋಳದ ಗಿಡಗಳಲ್ಲಿ ಒಂಬತ್ತು ಹಳದಿಯಾಗಿ ಜೋತುಬಿದ್ದಿದ್ದವು. ಸ್ಕೂಲ್ ಬ್ಯಾಗ್ ಕೂಡ ಇಳಿಸದೆ ನೀಟಮ್ಮ ಪಕ್ಕದಲ್ಲೇ ನಿಂತಿದ್ದಳು.

ಚಿಕ್ಕಮ್ಮನದು ಬೀಜ ಸಂಶೋಧನೆಯ ಕೆಲಸ. ಹೊಲದಲ್ಲಿ ನೀರು ನಿಂತರೂ ಸಾಯದ ಮೆಕ್ಕೆಜೋಳ ಬೇಕೆಂದು ನಾಲ್ಕು ವರ್ಷದಿಂದ ಒದ್ದಾಡುತ್ತಿದ್ದಳು. ಸಂಶೋಧನಾ ಕೇಂದ್ರದಲ್ಲಿ ಜಾಗ ಸಾಲದೆ ಹತ್ತು ಕುಂಡಗಳನ್ನು ಮನೆಗೇ ತಂದು ನೀರಿನ ತೊಟ್ಟಿಯಲ್ಲಿ ಇಟ್ಟಿದ್ದಳು. “ದಿನಾ ಈ ಗೆರೆವರೆಗೂ ನೀರು ತುಂಬಿಸು. ಬೇರೇನೂ ಮುಟ್ಟಬೇಡ,” ಎಂದು ನೀಟಮ್ಮನಿಗೆ ಹೇಳಿ ಎರಡು ವಾರದ ಟ್ರೇನಿಂಗಿಗೆ ಹೋಗಿದ್ದಳು.

ಮುಟ್ಟದೆ ಇರಬಹುದಿತ್ತು. ಆದರೆ ಮನೆಯವರು ಅವಳನ್ನು ಸುಮ್ಮಸುಮ್ಮನೆ ನೀಟಮ್ಮ ಎಂದು ಕರೆಯುತ್ತಿರಲಿಲ್ಲವಲ್ಲ. ಒಂದಕ್ಷರ ಸೊಟ್ಟಗಾದರೆ ಇಡೀ ಸಾಲು ಅಳಿಸಿ ಬರೆಯುವ ಹುಡುಗಿ ಅವಳು. ಅಂಥವಳ ಕಣ್ಣೆದುರೇ ನಾಲ್ಕನೇ ದಿನ ನೀರಿಗಿಂತ ತುಸು ಮೇಲೆ, ಕಾಂಡದ ಸುತ್ತ, ಬಿಳಿ ಎಳೆಗಳು ಮೂಡಿದವು. ಥೂ, ಒಳ್ಳೇ ಮುದುಕರ ಗಡ್ಡ. ಕ್ರಾಫ್ಟ್ ಕತ್ತರಿ ತಂದು ನುಣ್ಣಗೆ ಬೋಳಿಸಿಬಿಟ್ಟಳು. ಮತ್ತೆ ಬಂದವು, ಮತ್ತೆ ಬೋಳಿಸಿದಳು. ಗೋಡೆಯ ಮೂಲೆಗೆ ಒತ್ತಿಕೊಂಡಿದ್ದ ಹತ್ತನೇ ಕುಂಡ ಮಾತ್ರ ಕೈಗೆಟುಕಲಿಲ್ಲ.

ಈಗ ಅದೊಂದೇ ಹಸಿರಾಗಿ, ಗಡ್ಡ ಇಳಿಬಿಟ್ಟುಕೊಂಡು ನೆಟ್ಟಗೆ ನಿಂತಿತ್ತು.

“ಚಿಕ್ಕಮ್ಮ, ಆ ಗಡ್ಡದ ಗಿಡ ಯಾಕೆ ಚೆನ್ನಾಗಿದೆ?”

“ಗಡ್ಡ ಅಲ್ವೇ ಅದು, ಬೇರು. ನೀರು ನಿಂತ ಮಣ್ಣಲ್ಲಿ ಕೆಳಗಿನ ಬೇರಿಗೆ ಉಸಿರುಕಟ್ಟುತ್ತೆ. ಆಗ ಗಿಡ ಮೇಲಿಂದ ಹೊಸ ಬೇರು ಬಿಟ್ಕೊಳ್ಳುತ್ತೆ. ಇದೊಂದಕ್ಕೆ ಬಂದಿದೆ, ಉಳಿದ ಒಂಬತ್ತಕ್ಕೆ ಬಂದೇ ಇಲ್ಲ. ಈ ತಳೀನ ಲಿಸ್ಟಿಂದ ತೆಗೆದುಬಿಡ್ತೀನಿ.”

ಬಂದಿತ್ತು. ನಾಚಿಕೆಯಿಂದ ನೀಟಮ್ಮನಿಗೆ ತಲೆ ಎತ್ತಲಾಗಲಿಲ್ಲ. ಬಾಯಿಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಚಿಕ್ಕಮ್ಮ ನೋಟ್‌ಬುಕ್ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದಳು.

“ಎಲ್ಲದಕ್ಕೂ ಬಂದಿತ್ತು ಚಿಕ್ಕಮ್ಮ. ನಾನೇ ಕತ್ತರಿಸಿದೆ.”

“ಏನಂದೆ?”

“ನೋಡೋಕೆ ಚೆನ್ನಾಗಿಲ್ಲ ಅಂತ. ದಿನಾ.”

ಚಿಕ್ಕಮ್ಮ ಬೈಯಲಿಲ್ಲ. ಬಗ್ಗಿ, ಒಂದು ಕಾಂಡದ ಸುತ್ತ ಹೆಬ್ಬೆರಳಾಡಿಸಿದಳು. ಕತ್ತರಿಸಿದ ಮೋಟುಗಳು ಬೆರಳಿಗೆ ಸಿಕ್ಕವು. ಎರಡು ಬೈದಿದ್ದರೇ ವಾಸಿಯಿತ್ತು ಎನಿಸಿ ನೀಟಮ್ಮನ ಕಣ್ಣು ತುಂಬಿತು.

“ಇನ್ನೊಂದು ಗಳಿಗೆ ನೀನು ಸುಮ್ಮನಿದ್ದಿದ್ರೆ ಒಳ್ಳೇ ತಳೀನ ಕೈಯಾರೆ ಬಿಟ್ಟುಬಿಡ್ತಿದ್ದೆ,” ಎಂದು ಚಿಕ್ಕಮ್ಮ ನೋಟ್‌ಬುಕ್ ಅವಳ ಕಡೆ ಸರಿಸಿದಳು. “ಏನಾಯ್ತೋ ಹಾಗೇ ನೀನೇ ಬರಿ. ನಾಳೆ ಮತ್ತೆ ಬೀಜ ಹಾಕೋಣ.”

ನೀಟಮ್ಮ ಬ್ಯಾಗಿನಿಂದ ಪೆನ್ಸಿಲ್ ತೆಗೆದಳು. ‘ಒಂದರಿಂದ ಒಂಬತ್ತರವರೆಗೆ ಬೇರು ಕತ್ತರಿಸಿದ್ದು ನಾನು’ ಎಂದು ಬರೆದಳು. ಕೊನೆಯ ಪದ ಸೊಟ್ಟಗಾಯಿತು.

ಅಭ್ಯಾಸಬಲದಿಂದ ರಬ್ಬರ್ ಕೈಗೆ ಬಂತು. ಆ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ರಬ್ಬರನ್ನು ಬಾಕ್ಸಿನೊಳಗೆ ಹಾಕಿ, ನೋಟ್‌ಬುಕ್ಕನ್ನು ಹಾಗೆಯೇ ಚಿಕ್ಕಮ್ಮನ ಕೈಗೆ ಕೊಟ್ಟಳು.