ಹದಿಮೂರರಲ್ಲಿ ಏಳನೆಯವನು

ಏಳನೆಯವನು ಪರದೆ ಸರಿಸಿ ಎದುರಿಗೆ ಕೂತದ್ದೇ ತಡ, ನನ್ನ ಎದೆ ಡವಡವ ಅನ್ನತೊಡಗಿತು. ಸೆಂದೈ ಪೇಟೆಯ ಈ ಸಂಬಂಧ ಹುಡುಕುವ ಪಾರ್ಟಿಯಲ್ಲಿ ಹೆಂಗಸರು ಹದಿಮೂರು ಜನ, ಗಂಡಸರೂ ಅಷ್ಟೇ. ನಾವು ನಮ್ಮ ನಮ್ಮ ಗೂಡಿನಲ್ಲೇ ಕೂತಿರಬೇಕು. ಅವರು ಐದೈದು ನಿಮಿಷಕ್ಕೊಮ್ಮೆ ಗೂಡು ಬದಲಿಸುತ್ತಾರೆ. ಪ್ರತಿಯೊಬ್ಬರಿಗೂ ಸರದಿಗೆ ಸಂಬಂಧವಿಲ್ಲದ ಒಂದು ನಂಬರ್ ಕೊಟ್ಟಿರುತ್ತಾರೆ; ಕೊನೆಗೆ ಇಷ್ಟವಾದ ಒಬ್ಬರ ನಂಬರನ್ನು ಚೀಟಿಯಲ್ಲಿ ಬರೆಯಬೇಕು. ಇಬ್ಬರ ಚೀಟಿಯೂ ಹೊಂದಿದರೆ ಮಾತ್ರ ಮತ್ತೆ ಭೇಟಿ.

"ಶಿಯೋಗಾಮಾ ಮೀನು ಮಾರ್ಕೆಟ್ಟಿಗೆ ಐಸ್ ಹಾಕ್ತೀನಿ," ಎಂದ ಆತ. "ಅದಕ್ಕೇ ಕೈ ಯಾವಾಗ್ಲೂ ತಣ್ಣಗೆ. ಮುಟ್ಟಿ ನೋಡ್ತೀರಾ ಅಂತ ಕೇಳೋ ಧೈರ್ಯ ಇಲ್ಲ."

"ಕೇಳೇಬಿಟ್ರಲ್ಲ."

ಅವನ ಕಿವಿ ಕೆಂಪಾಯಿತು. ನೋಟ ಟೀ ಲೋಟಕ್ಕೆ ಇಳಿದು, ಮೆಲ್ಲಗೆ ಮತ್ತೆ ನನ್ನತ್ತ ಬಂತು. ಮೂವತ್ತೈದು ದಾಟಿದ ನನಗೆ ನಾಚಿಕೆಯಾಯಿತು ನೋಡಿ.

"ನಾನು ನಿಮಗೆ ಎಷ್ಟನೆಯವಳು?"

"ಏಳನೆಯವರು. ಯಾಕೆ?"

ಮುಗಿಯಿತು ಕಥೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಜನರ ನೆನಪಿನ ಶಕ್ತಿ ಪರೀಕ್ಷಿಸುವುದೇ ನನ್ನ ಕೆಲಸ. ದಿನಾ ಪದಗಳ ಪಟ್ಟಿ ಓದುತ್ತೇನೆ. ಎಂಥ ಬುದ್ಧಿವಂತರೂ ಮೊದಲಿನವು ನಾಲ್ಕು, ಕೊನೆಯವು ನಾಲ್ಕು ಹೇಳುತ್ತಾರೆ; ನಡುವಿನವು ಮಾಯ.

"ಸರಿಯಾಗಿ ನಡುವೆ ಸಿಕ್ಕಿಕೊಂಡಿದೀನಿ. ನೀವು ನನ್ನ ಮರ್ತುಬಿಡ್ತೀರಿ."

"ಶಾಪ ಹಾಕ್ತಿದೀರಾ?"

"ಅನುಭವ ಹೇಳ್ತಿದೀನಿ."

ಅವನು ನಕ್ಕ. ಉಳಿದ ಸಮಯವನ್ನೆಲ್ಲ ನಾನು ಇದನ್ನು ವಿವರಿಸುವುದರಲ್ಲೇ ಹಾಳುಮಾಡಿದೆ. ಗಂಟೆ ಬಾರಿಸಿದಾಗ ಅವನು ತಿರುತಿರುಗಿ ನೋಡುತ್ತ ಹೋದ.

ಮತ್ತೆ ಆರು ಜನ ಬಂದರು. ಒಬ್ಬ ನಾಯಿಯ ಫೋಟೊ ತೋರಿಸಿದ, ಇನ್ನೊಬ್ಬ ಅಮ್ಮನ ಗುಣಗಾನ ಮಾಡಿದ. ಐಸ್‌ನವನಿಗೆ ನನ್ನ ನಂಬರ್ ನೆನಪಿರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ನಾನು ಸುಮ್ಮನೆ ತಲೆಯಾಡಿಸಿದೆ.

ಗಂಡಸರು ಚೀಟಿ ಬರೆಯಲು ತಮ್ಮ ಕೋಣೆಗೆ ಹೋದರು. ಚೀಟಿ ಬಂತು. ಪೆನ್ಸಿಲ್ ಎತ್ತಿದೆ. ಮೊದಲು ಬಂದ ದಂತವೈದ್ಯನ ನಂಬರ್ ನಾಲ್ಕು. ಕೊನೆಯವನದು ಹತ್ತು. ಐಸ್‌ನವನದು?

ನನಗೂ ಅವನು ಏಳನೆಯವನೇ! ನಂಬರ್ ಹಾಳಾಗಲಿ, ಹೆಸರೂ ಹೊಳೆಯುತ್ತಿಲ್ಲ.

ಎದ್ದು ಹೊರಟೆ. ಪಾರ್ಟಿ ನಡೆಸುವ ಕುರೊಸೆ-ಸಾನ್ ಅಡ್ಡ ಬಂದರು. "ಉಜೀಯೆ-ಸಾನ್, ಗಂಡಸರ ಕೋಣೆಗೆ ಹೋಗೋ ಹಾಗಿಲ್ಲ. ಹೋದ್ರೆ ಚೀಟಿ ರದ್ದು."

ಕ್ಷಮಿಸಿ ಎಂದು ಬಾಗಿ ನಮಸ್ಕರಿಸಿ, ಬಾಗಿಲು ತೆಗೆದೆ. ಹದಿಮೂರು ತಲೆಗಳು ಮೇಲೆದ್ದವು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಮೂಲೆಯಲ್ಲಿದ್ದ.

"ನಿಮ್ಮ ನಂಬರ್ ಮರ್ತೋಯ್ತು," ಎಂದೆ. "ಹೆಸರೂ. ನೀವು ಇಷ್ಟ ಆದ್ರಿ ಅನ್ನೋದೊಂದೇ ನೆನಪಿರೋದು."

ಅವನು ತನ್ನ ಚೀಟಿ ತೋರಿಸಿದ. ಖಾಲಿ. "ನಿಮ್ಮದೂ ನೆನಪಾಗ್ತಿಲ್ಲ. ಬೇರೆಯವರದ್ದು ಬರೆಯೋ ಮನಸ್ಸಿಲ್ಲ, ಹಾಗೇ ಕೊಟ್ಟು ಹೋಗೋಣ ಅಂತಿದ್ದೆ."

"ಇಬ್ಬರದೂ ರದ್ದು," ಎಂದರು ಹಿಂದಿನಿಂದ ಕುರೊಸೆ-ಸಾನ್.

ಅವನು ಕೋಟು ಎತ್ತಿಕೊಂಡು ನನ್ನ ಬಳಿಗೆ ಬಂದ.

"ಒಳ್ಳೇದೇ ಆಯ್ತು. ನೆಗಿಶಿ ಅಂತ ನನ್ನ ಹೆಸರು. ನಿಮ್ಮ ಊಟ ಆಗಿದ್ಯಾ?"

"ಇಲ್ಲ," ಎಂದೆ. ಬೆಳಗಿನಿಂದ ಹೆದರಿಕೆಗೆ ಒಂದು ತುತ್ತೂ ಗಂಟಲಲ್ಲಿ ಇಳಿದಿರಲಿಲ್ಲ.