ಕಾರಣ: ಇತರೆ

"ತಾವು ಸುಳ್ಳು ಹೇಳಿದ್ದೀರಿ," ಎಂದ ಅವನು, ಹಲೋ ಕೂಡ ಹೇಳದೆ.

ಎಂಟು ತಿಂಗಳಾದ ಮೇಲೆ ಕೇಳಿದ ದನಿ. ಈ ಗಳಿಗೆಗಾಗಿ ನಾನು ಏನೇನೋ ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು ಒಂದೇ: "ಯಾವಾಗ?"

"ಒಂದೋ ಆಗ, ಇಲ್ಲಾ ಈಗ. ನಲವತ್ತೊಂದನೇ ಪ್ರಶ್ನೆ. ಒಟ್ಟಾರೆ ನಿಮ್ಮ ಬದುಕಿಗೆ ಹತ್ತಕ್ಕೆ ಎಷ್ಟು ಕೊಡ್ತೀರಿ? ಹೋದ ಸಲ ಎಂಟು ಅಂದಿರಿ. ಈ ಸಲ ಐದು. ಕಂಪ್ಯೂಟರು ಕೆಂಪು ಗೆರೆ ಎಳೆದು ಕೂತಿದೆ. ಕಾರಣ ಬರೆಯದೆ ಫಾರ್ಮ್ ಮುಚ್ಚೋ ಹಾಗಿಲ್ಲ."

ಪಕ್ಕದ ಮೇಜಿನ ಅಕ್ಕ ಟೈಪ್ ಮಾಡುವುದನ್ನು ನಿಲ್ಲಿಸಿದರು. ಫೋನು ಯಾರ ಕಿವಿಯಲ್ಲೇ ಇರಲಿ, ನಮ್ಮ ಆಫೀಸಿನಲ್ಲಿ ಕೇಳಿಸಿಕೊಳ್ಳುವುದು ಅಕ್ಕನೇ.

ನಮ್ಮದು ಅಳೆಯುವ ಕೆಲಸ. ಎರಡು ದೇಶ, ಒಂದೇ ಪ್ರಶ್ನೆಪಟ್ಟಿ. ನಲ್ಲಿಯಲ್ಲಿ ಎಷ್ಟು ಹೊತ್ತು ನೀರು, ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕು, ಡಾಕ್ಟರು ಎಷ್ಟು ದೂರ, ಮನೆಯಲ್ಲಿ ಒಬ್ಬೊಬ್ಬರಿಗೆ ಎಷ್ಟು ಚದರಡಿ ಜಾಗ. ಎಲ್ಲ ಕೂಡಿಸಿ, ಯಾವ ದೇಶದಲ್ಲಿ ಬದುಕು ಚೆಂದ ಎಂದು ಹೋಲಿಸಿ ನೋಡುವುದು.

ಆ ಕಡೆಯ ದೇಶದಿಂದ ಮೂರು ವಾರದ ಟ್ರೈನಿಂಗಿಗೆ ಬಂದಿದ್ದವನು ಇವನು. ಸೊಂಟದಲ್ಲಿ ಸದಾ ಅಳತೆಯ ಟೇಪು. ಎರಡನೇ ದಿನಕ್ಕೇ ಅಕ್ಕ ಅವನಿಗೆ 'ಟೇಪು' ಎಂದು ಹೆಸರಿಟ್ಟರು. ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ನಮ್ಮ ಭಾಷೆ ಕಲಿತದ್ದು ಅಜ್ಜಿಯಿಂದ. ಇಪ್ಪತ್ತೇಳರ ಹುಡುಗನ ಬಾಯಲ್ಲಿ ಎಪ್ಪತ್ತರ ಅಜ್ಜಿಯ ಮಾತು! ಊಟಕ್ಕೆ ಎದ್ದರೆ "ತಮ್ಮ ಸವಾರಿ ಎತ್ತ ಕಡೆಗೋ?" ಎಂದು ಕೇಳುತ್ತಿದ್ದ. ನಗದೆ ಏನು ಮಾಡಲಿ?

ಪ್ರಶ್ನೆಪಟ್ಟಿಯನ್ನು ಮೊದಲು ನಮ್ಮ ಮೇಲೇ ಪ್ರಯೋಗ ಮಾಡಬೇಕಿತ್ತು. ನನ್ನ ಫಾರ್ಮ್ ಅವನು ತುಂಬಿದ, ಅವನದು ನಾನು. ಈ ಸಲದ ಸುತ್ತಿಗೆ ಇಬ್ಬರೂ ಆನ್‌ಲೈನಿನಲ್ಲೇ ಉತ್ತರ ಕೊಟ್ಟಿದ್ದೆವು, ಪರಿಶೀಲನೆ ಮಾತ್ರ ಮೊದಲು ತುಂಬಿದವರದೇ. ನನ್ನ ಬಾಡಿಗೆ ಕೋಣೆಗೆ ಬಂದು ಮಂಡಿಯೂರಿ ನೆಲ ಅಳೆದ. ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿ.

"ಒಂಬತ್ತಡಿ, ಹನ್ನೊಂದಡಿ," ಎಂದು ತಲೆ ಎತ್ತಿದವನು ಬರೆದುಕೊಳ್ಳುವುದನ್ನು ಮರೆತ. ನಾನು ತುದಿ ಬಿಡುವುದನ್ನು ಮರೆತೆ.

ಅಷ್ಟೇ. ನಮ್ಮ ನಡುವೆ ಆದದ್ದು ಅಷ್ಟೇ. ಎಂಟು ತಿಂಗಳು ಆ ಅಷ್ಟನ್ನೇ ಹಿಡಿದುಕೊಂಡು ಕಳೆದಿದ್ದೇನೆ.

"ನಲ್ಲಿ ನೀರು ನಿಂತು ಹೋಯ್ತೇ?" ಫೋನಿನಲ್ಲಿ ಅವನು.

"ಇಲ್ಲಪ್ಪ. ಈಗ ದಿನಾ ಬರುತ್ತೆ."

"ಬಸ್ಸು?"

"ಹೊಸ ರೂಟ್ ಹಾಕಿದಾರೆ. ಹತ್ತು ನಿಮಿಷಕ್ಕೊಂದು."

"ದೇಹಸ್ಥಿತಿ?"

"ಗುಂಡುಕಲ್ಲಿನ ಹಾಗಿದೀನಿ."

"ಎಲ್ಲಾ ಮೇಲೆ ಹೋಗಿದೆ, ತಾವೊಬ್ಬರೇ ಕೆಳಗೆ ಬಂದಿದ್ದೀರಿ. ಏನಂತ ಬರೆಯಲಿ? ತಮ್ಮ ಗಡಿಯಾರದ ಐದು ಗಂಟೆಗೆ ಫೈಲು ಮುಚ್ಚುತ್ತೆ. ಆಮೇಲೆ..." ತಡೆದ. "ಆಮೇಲೆ ತಮಗೆ ಫೋನ್ ಮಾಡೋಕೆ ನನಗೊಂದು ನೆಪ ಇರಲ್ಲ."

ಗೋಡೆಯ ಮೇಲೆ ನಾಲ್ಕೂ ನಲವತ್ತೈದು.

ಕೈ ತಾನಾಗಿಯೇ ಡ್ರಾಯರ್ ಎಳೆಯಿತು. ಹಳದಿ ಟೇಪು. ಅವನು ಹೊರಟ ದಿನ ಅವನ ಬ್ಯಾಗಿನಿಂದ ನಾನೇ ಎತ್ತಿಟ್ಟುಕೊಂಡದ್ದು. ನೆನಪಾದಾಗೆಲ್ಲ ಎಳೆಯುತ್ತೇನೆ, ಬಿಡುತ್ತೇನೆ. ಐದು ಮೀಟರಿಗೇ ಮುಗಿದುಹೋಗುತ್ತದೆ. ಅವನಿರುವ ಕಡೆಗೆ ಇಂಥವು ಎಷ್ಟು ಬೇಕೋ!

ಬೆರಳು ಜಾರಿತು. ಸರಕ್!

"ಅದೇನು ಸದ್ದು?"

"ಯಾವ ಸದ್ದು?"

"ನನ್ನ ಟೇಪಿನ ಸದ್ದು! ಏರ್‌ಪೋರ್ಟಲ್ಲಿ ಇಡೀ ಬ್ಯಾಗು ಕೆಳಗೆ ಸುರಿದು ಹುಡುಕಿದೆನಲ್ಲಾ, ಪುಣ್ಯಾತ್ಗಿತ್ತಿ!"

ಅಕ್ಕ ಕಿಸಕ್ಕನೆ ನಕ್ಕರು. "ಏ ಕಳ್ಳಿ, ಇನ್ನೂ ಎಷ್ಟು ಸತಾಯಿಸ್ತೀಯೇ? ಬಾಯಿ ಬಿಟ್ಟು ಹೇಳೇ."

ನನ್ನ ಕೆನ್ನೆ ಬಿಸಿಯಾಯಿತು. ಬೆಳಿಗ್ಗೆಯಿಂದ ಸ್ಕ್ರೀನಿನಲ್ಲಿ ತೆರೆದೇ ಇದ್ದ ಇನ್ನೊಂದು ಫಾರ್ಮನ್ನು ನೋಡಿದೆ. ಅವನದು.

"ನಿಮ್ಮ ಫಾರ್ಮೂ ಕೆಂಪಾಗಿದೆ. ನಾನೂ ಫೋನ್ ಮಾಡಿ ಕೇಳಬೇಕಿತ್ತು, ಧೈರ್ಯ ಬರಲಿಲ್ಲ. ಇಲ್ಲಿ ಕೂತು ಒಂಬತ್ತು ಅಂದೋರು, ಅಲ್ಲಿ ಹೋಗಿ ನಾಲ್ಕು ಅಂದಿದೀರಿ. ಇಡೀ ದಿನ ನೀರು. ಮನೆ ಮುಂದೆ ಪಾರ್ಕು. ನಿಮಿಷ ತಪ್ಪದ ಟ್ರೈನು. ಏನು ರೀ ಕಮ್ಮಿಯಾಗಿದೆ ನಿಮಗೆ?"

 

"ಟ್ರೈನು ಸರಿಯಾದ ಹೊತ್ತಿಗೇ ಬರುತ್ತೆ," ಎಂದ ಮೆಲ್ಲಗೆ. "ದಿನಾ ನೋಡ್ತೀನಿ. ತಾವು ಇಳಿಯಲ್ಲ."

ಕಣ್ಣು ತುಂಬಿ ಸ್ಕ್ರೀನು ಮಸುಕಾಯಿತು. ಕಾರಣದ ಕೆಳಗೆ ಇದ್ದದ್ದು ನಾಲ್ಕೇ ಆಯ್ಕೆ: ಆದಾಯ, ಆರೋಗ್ಯ, ಮನೆ, ಇತರೆ. ನಾನು ಕೊನೆಯದನ್ನು ಒತ್ತಿದೆ. ವಿವರಿಸಿ, ಎಂದಿತು. ಟೈಪ್ ಮಾಡಿ ಅವನಿಗೇ ಓದಿ ಹೇಳಿದೆ.

"ಇತರೆ. ನಾನು ಅವರ ಹತ್ತಿರ ಇಲ್ಲ. ಸರಿನಾ?"

"ಸರಿ," ಎಂದ. "ತಮ್ಮದರಲ್ಲೂ ಅದನ್ನೇ ಬರೀಲೇ?"

"ಹ್ಞೂಂ. ಬರೀರಿ."

ಅಕ್ಕ ಕುರ್ಚಿ ಸಮೇತ ನನ್ನ ಮೇಜಿಗೆ ಜಾರಿ ಬಂದು ಫೋನಿಗೆ ಬಾಯಿ ಹಾಕಿದರು. "ಇತರೆ ಅಂತ ಬರೆದ್ರೆ ಬರೀ ಫೋನಲ್ಲಿ ಮುಗಿಯಲ್ಲ ಟೇಪಪ್ಪಾ! ಮನೆಗೇ ಬಂದು ಪರಿಶೀಲಿಸಬೇಕು. ಆ ರೂಲ್ ಬರೆದೋಳೇ ನಾನು."

"ಅಪ್ಪಣೆ," ಎಂದ ಅವನು. ಆಮೇಲೆ ನನಗೆ: "ಮುಂದಿನ ತಿಂಗಳು ಬರ್ತೀನಿ. ಕೋಣೆ ಮತ್ತೆ ಅಳೀಬೇಕು."

"ಕೋಣೆ ಏನು ಬೆಳೆದಿರುತ್ತಾ? ಅದೇ ಒಂಬತ್ತು, ಹನ್ನೊಂದು."

"ಗೊತ್ತು. ಆದರೆ ಈ ಸಲ ಇಬ್ಬರಿಗೆ ಹಂಚಬೇಕಲ್ಲ."

ನನ್ನೊಳಗೆ ಏನೋ ಸಡಿಲವಾಯಿತು. ಆದರೂ ಬಿಟ್ಟುಕೊಡುವುದು ಹೇಗೆ? "ಒಬ್ಬೊಬ್ಬರಿಗೆ ಐವತ್ತು ಚದರಡೀನೂ ಬರಲ್ಲ ರೀ. ನನ್ನ ಜೀವನಮಟ್ಟ ಅರ್ಧಕ್ಕೆ ಇಳಿಯುತ್ತೆ, ಗೊತ್ತಾ?"

"ಇಳಿದರೆ, ಆಗ ಹತ್ತಕ್ಕೆ ಎಷ್ಟು ಕೊಡ್ತೀರಿ?"

ಕೈಯಲ್ಲಿದ್ದ ಟೇಪನ್ನು ಮೇಜಿನ ಉದ್ದಕ್ಕೆ ಎಳೆದೆ. ಆ ತುದಿ ಗಾಳಿಯಲ್ಲಿ ಒಂದಿಷ್ಟು ತೂಗಾಡಿತು, ಯಾರಾದರೂ ಹಿಡಿಯಲಿ ಎಂಬ ಹಾಗೆ.

"ಅದನ್ನ ಫೋನಲ್ಲಿ ಹೇಳಲ್ಲ," ಎಂದೆ. "ಬಂದು, ಇದರ ಇನ್ನೊಂದು ತುದಿ ಹಿಡ್ಕೊಂಡು ಕೇಳಿ."

ಐದು ಗಂಟೆಗೆ ಸರಿಯಾಗಿ ಫೈಲು ಮುಚ್ಚಿತು. ನೆಪ ಮುಗಿಯಿತು. ಫೋನು ಮಾತ್ರ ಇಬ್ಬರೂ ಇಡಲಿಲ್ಲ.